ಮಗಳ ಹಲ್ಲು, ನನ್ನ ಎಕ್ಸೆಲ್ ಶೀಟು

ಮಗಳ ಹಲ್ಲಿಗೆ ಕ್ಲಿಪ್ ಹಾಕಿಸಬೇಕು ಅಂತ ಮೊದಲು ಹೇಳಿದ್ದು ಡಾಕ್ಟರಲ್ಲ, ನಮ್ಮ ಸಂಬಂಧದಲ್ಲಿ ಅತ್ತಿಗೆ ಆಗಬೇಕಾದ ಒಬ್ಬರು. 2019ರ ಮೇ ತಿಂಗಳು, ಧಾರವಾಡದಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಎದುರಿಗೆ ಕೂತವರು ಮಗಳನ್ನು ನೋಡಿ, "ಹುಡುಗಿ ಛಲೋ ಅದಾಳ, ಹಲ್ಲಷ್ಟ ಮುಂದ ಬಂದಾವ ನೋಡ್ರಿ. ಈಗ ತಂತಿ ಹಾಕಿಸಿಬಿಡ್ರಿ, ನಾಳೆ ಲಗ್ನ ಮಾಡೂದದ" ಅಂದರು. ಮಗಳಿಗೆ ಆಗ 11 ವರ್ಷ. ಎಲೆಯಲ್ಲಿ ಅರ್ಧ ಮಂಡಿಗೆ ಇತ್ತು. ಅದನ್ನು ಹಾಗೇ ಬಿಟ್ಟು ಎದ್ದಳು. ಪುಣೆಗೆ ವಾಪಸ್ ಬರುವಾಗ ರೈಲಿನಲ್ಲಿ ಇಡೀ ದಾರಿ ಮೇಲ್ತುಟಿ ಎಳೆದುಕೊಂಡು ಹಲ್ಲು ಮುಚ್ಚುತ್ತಾ ಕೂತಿದ್ದಳು. ನನಗೆ ಅದು ಕಾಣುತ್ತಿತ್ತು. ತಲೆಗೆ ಹೋಗಲಿಲ್ಲ ಅಷ್ಟೇ.

ನಾವಿರುವುದು ಕರ್ವೆನಗರದಲ್ಲಿ. ಜೂನ್‌ನಲ್ಲಿ ಶಾಲೆ ಶುರುವಾಗುವ ಮುಂಚೆ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಡಾಕ್ಟರ್ ಪುಟ್ಟ ಸ್ಕೇಲ್ ಇಟ್ಟು ಅಳೆದರು. ಮೇಲಿನ ಮುಂಹಲ್ಲು ಕೆಳಗಿನದಕ್ಕಿಂತ 7 ಮಿಲಿಮೀಟರ್ ಮುಂದೆ. ಎರಡು ಮೂರು ಮಿಲಿಮೀಟರ್ ಇದ್ದರೆ ಸರಿ ಅನ್ನುತ್ತಾರೆ. ಕೆಳದವಡೆ ಹಿಂದೆ ಉಳಿದುಬಿಟ್ಟಿದೆ, ಹೀಗೇ ಬಿಟ್ಟರೆ ಎಲ್ಲಾದರೂ ಮುಗ್ಗರಿಸಿ ಬಿದ್ದಾಗ ಮೊದಲು ಪೆಟ್ಟು ತಿನ್ನುವುದು ಈ ಎರಡು ಹಲ್ಲು ಅಂದರು. ಅಂದರೆ ಸುಮ್ನೆ ಚಂದಕ್ಕೆ ಅಂತಲ್ಲ, ಚಿಕಿತ್ಸೆ ಬೇಕೇ ಇತ್ತು. ಅದರಲ್ಲಿ ನನಗೆ ಈಗಲೂ ಅನುಮಾನವಿಲ್ಲ.

ಆದರೆ ಆ ಮುಕ್ಕಾಲು ಗಂಟೆಯಲ್ಲಿ ಡಾಕ್ಟರ್ ನನ್ನ ಜೊತೆ ಮಾತಾಡಿದರು, ನಾನು ಡಾಕ್ಟರ ಜೊತೆ ಮಾತಾಡಿದೆ. ಅವಳು ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದಳು. ಹಲ್ಲಿನ ಅಚ್ಚು ತೆಗೆಯಲು ಬಾಯಿ ತುಂಬ ಆ ಗುಲಾಬಿ ಹಿಟ್ಟು ತುಂಬಿದಾಗ ಅವಳಿಗೆ ವಾಕರಿಕೆ ಬಂತು. "ಇಷ್ಟು ದೊಡ್ಡವಳಾಗಿ ಏನಿದು" ಅಂತ ಡಾಕ್ಟರ್ ಗದರಿದರು. "ಹೂಂ, ತಡ್ಕೋ" ಅಂತ ನಾನೂ ದನಿಗೂಡಿಸಿದೆ. ನೋಯುತ್ತಾ ಅಂತ ಕೇಳಿದ್ದಕ್ಕೆ "ಏನೂ ನೋಯಲ್ಲ" ಅಂದರು. ಅದು ಸುಳ್ಳು ಅಂತ ಎರಡು ವಾರದಲ್ಲಿ ಅವಳಿಗೆ ಗೊತ್ತಾಯಿತು.

ಹಾಕಿದ್ದು ಟ್ವಿನ್ ಬ್ಲಾಕ್. ಮೇಲಿನ ಹಲ್ಲಿಗೊಂದು, ಕೆಳಗಿನದಕ್ಕೊಂದು ಪ್ಲಾಸ್ಟಿಕ್ ತುಂಡು. ಎರಡರಲ್ಲೂ ಇಳಿಜಾರಾದ ದಿಮ್ಮಿ ಇರುತ್ತದೆ. ಬಾಯಿ ಮುಚ್ಚಿದರೆ ಆ ಇಳಿಜಾರು ಕೆಳದವಡೆಯನ್ನು ಮುಂದಕ್ಕೆ ತಳ್ಳುತ್ತದೆ. ಸ್ಕಾಟ್ಲೆಂಡಿನ ವಿಲಿಯಂ ಕ್ಲಾರ್ಕ್ ಎಂಬ ಡಾಕ್ಟರ್ 1977ರಲ್ಲಿ ಕಂಡುಹಿಡಿದದ್ದು. ಬಿದ್ದು ಮುಂಹಲ್ಲಿಗೆ ಪೆಟ್ಟು ಮಾಡಿಕೊಂಡಿದ್ದ, ತಮ್ಮ ಸಹೋದ್ಯೋಗಿಯ ಮಗನಿಗೆ ಮೊದಲು ಹಾಕಿದರಂತೆ. ಬೆಳೆಯುವ ಮಕ್ಕಳಲ್ಲಿ ಒಳ್ಳೆಯ ಕೆಲಸ ಮಾಡುತ್ತದೆ. ಷರತ್ತು ಒಂದೇ: ಹಗಲೂ ರಾತ್ರಿ ಬಾಯಲ್ಲಿರಬೇಕು. ಡಬ್ಬಿಯಲ್ಲಿಟ್ಟರೆ ದವಡೆ ಮುಂದೆ ಬರಲ್ಲ.

ನಾನು ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ಲೆಕ್ಕ ಇಟ್ಟರೆ ಎಲ್ಲವೂ ಸರಿಹೋಗುತ್ತದೆ ಅಂತ ನಂಬಿದವನು. ಎಕ್ಸೆಲ್‌ನಲ್ಲಿ ಒಂದು ಶೀಟ್ ಮಾಡಿ, ಪ್ರಿಂಟ್ ತೆಗೆದು ಫ್ರಿಜ್ ಬಾಗಿಲಿಗೆ ಅಂಟಿಸಿದೆ. ದಿನಾಂಕ, ಗಂಟೆ, ಸಹಿ. ಅವಳು ದಿನಾ ರಾತ್ರಿ ತುಂಬಬೇಕು. ತಿಂಗಳಿಡೀ ದಿನಕ್ಕೆ 20 ಗಂಟೆ ಬಾಯಲ್ಲಿದ್ದರೆ ಐಸ್‌ಕ್ರೀಂ. ಅವಳು ಒಂದು ದಿನವೂ ತಪ್ಪದೆ ತುಂಬಿದಳು. 20, 20, 21, 20. ನನಗೆ ಎಷ್ಟು ಹೆಮ್ಮೆ ಅಂದರೆ ಆಫೀಸಿನಲ್ಲಿ ಇಬ್ಬರಿಗೆ ಆ ಶೀಟ್ ಮೇಲ್ ಮಾಡಿದ್ದೆ.

ನವೆಂಬರ್‌ನಲ್ಲಿ ನಮ್ಮ ಕನ್ನಡ ಬಳಗದ ರಾಜ್ಯೋತ್ಸವ. ಮಗಳು ಒಂದು ಪದ್ಯ ಹೇಳಬೇಕಿತ್ತು. ವೇದಿಕೆ ಮೇಲೆ ನಿಂತು ಮೊದಲ ಸಾಲು ಶುರು ಮಾಡಿದಳು. ಟ್ವಿನ್ ಬ್ಲಾಕ್ ಹಾಕಿಕೊಂಡರೆ ಬಾಯಿ ತುಂಬಿದ ಹಾಗಾಗಿ ಸ, ಶ ಸರಿಯಾಗಿ ಬರಲ್ಲ, ಗಾಳಿ ಸೋರುತ್ತದೆ. ಎರಡನೇ ಸಾಲಿಗೆ ಹಿಂದಿನ ಕುರ್ಚಿಯಲ್ಲಿ ಯಾರೋ ಹುಡುಗರು ಕಿಸಕ್ಕನೆ ನಕ್ಕರು. ಅವಳು ನಿಲ್ಲಿಸಲಿಲ್ಲ. ಪೂರ್ತಿ ಹೇಳಿದಳು, ಆದರೆ ತುಟಿ ಅಲುಗಿಸದೆ, ಯಾರಿಗೂ ಕೇಳದ ಹಾಗೆ. ಕೆಳಗಿಳಿದು ಬಂದವಳು ನೇರ ವಾಶ್‌ಬೇಸಿನ್ ಕಡೆ ಹೋದಳು. ಬಂದಾಗ ಕೈಯಲ್ಲಿ ಕರವಸ್ತ್ರದ ಒಂದು ಗಂಟಿತ್ತು. ನಾನು ಕೇಳಿದ್ದೇನು ಗೊತ್ತಾ? "ತೆಗೆದ್ಯಾ? ಇವತ್ತಿನ ಲೆಕ್ಕ ಕಡಿಮೆ ಆಗ್ತದ ನೋಡು."

ಜನವರಿಯಲ್ಲಿ ಡಾಕ್ಟರ್ ಮತ್ತೆ ಅಳೆದರು. 7 ಮಿಲಿಮೀಟರ್. ನನ್ನ ಶೀಟಿನ ಪ್ರಕಾರ ಆರು ತಿಂಗಳಲ್ಲಿ 3,600 ಗಂಟೆ ದಾಟಿತ್ತು. ಬಾಯಿಯ ಪ್ರಕಾರ ಏನೂ ಆಗಿರಲಿಲ್ಲ. ಡಾಕ್ಟರ್ ಆ ತುಂಡನ್ನು ಬೆಳಕಿಗೆ ಹಿಡಿದರು. ಹೊಸದರಂತೆ ಹೊಳೆಯುತ್ತಿತ್ತು, ಕಚ್ಚಿದ ಗುರುತೇ ಇಲ್ಲ. "ಆರು ತಿಂಗಳು ಹಾಕಿಕೊಂಡವರು ಹೀಗೆ ತೊದಲೋದಿಲ್ಲ, ಒಂದೆರಡು ವಾರದಲ್ಲಿ ನಾಲಿಗೆ ಹೊಂದಿಕೊಂಡುಬಿಡುತ್ತೆ" ಅಂದರು. ಆಮೇಲೆ ಅವಳ ಎದುರಿಗೇ, "ಇಂಥ ಮಕ್ಕಳ ಮೇಲೆ ದುಡ್ಡು ಖರ್ಚು ಮಾಡಬೇಡಿ."

ಮಕ್ಕಳು ಹೇಳುವ ಗಂಟೆಗೂ ನಿಜವಾದ ಗಂಟೆಗೂ ತಾಳೆಯಾಗದೇ ಇರುವುದು ನಮ್ಮ ಮನೆಯ ಕಥೆ ಮಾತ್ರ ಅಲ್ಲವಂತೆ. ಅದಕ್ಕೇ ಈಗ ಇಂಥ ಸಾಧನದೊಳಗೆ ಪುಟ್ಟದೊಂದು ಸೆನ್ಸರ್ ಕೂರಿಸುವ ಪದ್ಧತಿಯೂ ಇದೆ. ಅದು 15 ನಿಮಿಷಕ್ಕೊಮ್ಮೆ ಬಿಸಿ ಅಳೆದು ಬರೆದಿಡುತ್ತದೆ. ಬಾಯಲ್ಲಿದ್ದರೆ ಮೈಬಿಸಿ, ಡ್ರಾಯರ್‌ನಲ್ಲಿದ್ದರೆ ಕೋಣೆಯ ಬಿಸಿ. ಅದನ್ನಿಟ್ಟು ನೋಡಿದವರಿಗೆ ಹೆಚ್ಚಾಗಿ ಕಂಡದ್ದು ಇದೇ, ಬಾಯಲ್ಲಿ ಹೇಳಿದ್ದಕ್ಕಿಂತ ಹಾಕಿಕೊಂಡದ್ದು ಕಡಿಮೆ. ಆಗ ನನಗೆ ಇದು ಗೊತ್ತಿದ್ದರೆ ಖಂಡಿತ ಕೊಂಡುಬಿಡುತ್ತಿದ್ದೆ. ಗೊತ್ತಿರಲಿಲ್ಲ, ಒಳ್ಳೆಯದೇ ಆಯಿತು.

ಸ್ಕೂಟರ್ ಮೇಲೆ ಮನೆಗೆ ಬರುವಾಗ ಬೈದೆ. 18 ಸಾವಿರ ರೂಪಾಯಿಯ ಲೆಕ್ಕ ಹೇಳಿದೆ. ಹಿಂದಿನಿಂದ ಬಹಳ ಹೊತ್ತು ಉತ್ತರ ಬರಲಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಹೇಳಿದಳು, "ಬೇಕಂತ ಯಾರು ಹೇಳಿದ್ರು? ನಿಮಗ ಬೇಕಾಗಿತ್ತು. ನೀವ ಹಾಕ್ಕೋರಿ."

ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಕ್ಲಿನಿಕ್ಕೂ ಇಲ್ಲ, ಜಗಳವೂ ಇಲ್ಲ. ಟ್ವಿನ್ ಬ್ಲಾಕ್ ಡಬ್ಬಿಯಲ್ಲೇ ಉಳಿಯಿತು.

ಆ ವರ್ಷ ಸಂಕ್ರಾಂತಿಗೆ ಅಂತ ಬಂದಿದ್ದ ನಮ್ಮವ್ವ ಧಾರವಾಡಕ್ಕೆ ವಾಪಸ್ ಹೋಗಲಾಗದೆ ಇಲ್ಲೇ ಉಳಿದುಬಿಟ್ಟಳು. ಅವಳಿಗೆ ಪೂರ್ತಿ ಹಲ್ಲಿನ ಸೆಟ್ಟು. ರಾತ್ರಿ ಅದನ್ನು ತೊಳೆದು ನೀರಿನ ಡಬ್ಬಿಯಲ್ಲಿ ಹಾಕಿಡುತ್ತಾಳೆ. ಒಂದು ರಾತ್ರಿ ವಾಶ್‌ಬೇಸಿನ್ ಹತ್ತಿರ ಅಜ್ಜಿ ಮೊಮ್ಮಗಳ ಮಾತು ಕೇಳಿಸಿತು. ಅವ್ವ ಬೊಚ್ಚುಬಾಯಲ್ಲಿ ಹೇಳುತ್ತಿದ್ದಳು: "ನಾನೂ ಮೊದಲ ಎರಡ ತಿಂಗಳ ಹಾಕ್ಕೊಂಡಿಲ್ಲವಾ. ಬಾಯಾಗ ಯಾರದೋ ಚಪ್ಪಲಿ ಇಟ್ಟಂಗ ಆಗೂದು. ಯಾರರ ಬಂದ್ರ ಮಾತ್ರ ತುರುಕ್ಕೊಳ್ಳೂದು. ನಿಮ್ಮಪ್ಪ ಫೋನ್ ಮಾಡಿ ಕೇಳಿದ್ರ, ಹೂನಪ್ಪಾ ಹಾಕ್ಕೊಂಡೀನಿ ಅಂತಿದ್ದೆ." ಇಬ್ಬರೂ ನಕ್ಕರು. ಮಗಳು ಹಲ್ಲು ಕಾಣುವ ಹಾಗೆ ನಕ್ಕಿದ್ದನ್ನು ನಾನು ಎಷ್ಟೋ ತಿಂಗಳ ಮೇಲೆ ಕೇಳಿದ್ದು. ನನ್ನ ಲೆಕ್ಕದಲ್ಲಿ ಸುಳ್ಳು ಬರೆದವರು ಒಬ್ಬರಲ್ಲ, ಎರಡು ತಲೆಮಾರು ಅಂತ ಅವತ್ತು ಗೊತ್ತಾಯಿತು.

ಮುಂದಿನ ಒಂದೂವರೆ ವರ್ಷ ಹಲ್ಲಿನ ಮಾತೇ ಇಲ್ಲ. 2021ರ ಆಗಸ್ಟ್‌ನಲ್ಲಿ ಒಂದು ದಿನ, ಆನ್‌ಲೈನ್ ಕ್ಲಾಸ್ ಮುಗಿಸಿ ಲ್ಯಾಪ್‌ಟಾಪ್ ಮುಚ್ಚುತ್ತಾ ಅವಳೇ ಕೇಳಿದಳು: "ಪಪ್ಪಾ, ಹಲ್ಲಿನ ಡಾಕ್ಟರ್ ಕ್ಲಿನಿಕ್ ಈಗ ತೆಗದಾವೇನು? ಹಳೇದು ಬ್ಯಾಡ. ಬ್ಯಾರೆ ಡಾಕ್ಟರ್." ಆಗ ಅವಳಿಗೆ 13. ದಿನಕ್ಕೆ ಐದು ತಾಸು ತನ್ನದೇ ಮುಖವನ್ನು ಪುಟ್ಟ ಚೌಕದಲ್ಲಿ ನೋಡಿದ್ದಕ್ಕೋ ಏನೋ ಅಂತ ನಾನು ಅಂದುಕೊಂಡೆ. ಯಾಕೆ ಅಂತ ಕೇಳಲು ಬಾಯಿ ತೆರೆದೆ. ಹೆಂಡತಿ ಅಡುಗೆಮನೆಯಿಂದಲೇ ಕಣ್ಣು ಬಿಟ್ಟಳು. ಮುಚ್ಚಿಕೊಂಡೆ.

ಈ ಸಲದ ಡಾಕ್ಟರ್ ಒಬ್ಬ ಮರಾಠಿ ಹೆಂಗಸು. ಮೊದಲ ಮಾತು ನನಗಲ್ಲ, ಅವಳಿಗೆ: "ನೀನು ಬಂದಿದ್ದಾ, ಕರೆದುಕೊಂಡು ಬಂದಿದ್ದಾ?" "ನಾನೇ ಬಂದೆ" ಅಂದಳು. ಡಾಕ್ಟರ್ ಒಂದು ಕಾರ್ಡ್ ತೆಗೆದರು. ಅದರಲ್ಲಿ ಹಲ್ಲುಗಳ ಹತ್ತು ಫೋಟೋ. ಒಂದನೆಯದು ತೀರಾ ನೀಟು, ಹತ್ತನೆಯದು ತೀರಾ ಅಡ್ಡಾದಿಡ್ಡಿ. ಚಿಕಿತ್ಸೆ ಎಷ್ಟು ಬೇಕು ಅಂತ ತೂಗಲು ಇಂಗ್ಲೆಂಡಿನಲ್ಲಿ 1980ರ ದಶಕದಲ್ಲಿ ಮಾಡಿದ ಅಳತೆಯ ಒಂದು ಭಾಗ ಅದು. "ನಿನ್ನ ಹಲ್ಲು ಇದರಲ್ಲಿ ಎಷ್ಟನೆಯದರ ಸಾಲಿಗೆ ಬರುತ್ತೆ? ತೋರಿಸು." ಮಗಳು ಸ್ವಲ್ಪ ಹೊತ್ತು ನೋಡಿ ಐದರ ಮೇಲೆ ಬೆರಳಿಟ್ಟಳು. "ಈಗ ನೀವು." ನಾನು ಎಂಟರ ಮೇಲಿಟ್ಟೆ. ಇಟ್ಟ ತಕ್ಷಣ ತೆಗೆಯಬೇಕು ಅನ್ನಿಸಿತು. ಮಗಳು ನನ್ನ ಬೆರಳನ್ನೇ ನೋಡುತ್ತಿದ್ದಳು.

ಡಾಕ್ಟರ್ ಏನೂ ಹೇಳಲಿಲ್ಲ. ನನ್ನನ್ನು ಹತ್ತು ನಿಮಿಷ ಹೊರಗೆ ಕೂರಿಸಿದರು. ಒಳಗೆ ಅವರಿಬ್ಬರೇ ಮಾತಾಡಿಕೊಂಡರು. ತನಗೆ ಚಿಕಿತ್ಸೆ ಯಾಕೆ ಬೇಕು ಅಂತ ಅವಳು ಅವತ್ತು ಡಾಕ್ಟರಿಗೆ ಹೇಳಿದಳಂತೆ. ಅದನ್ನು ನನಗೆ ಅವರೂ ಹೇಳಲಿಲ್ಲ, ಇವಳೂ ಹೇಳಲಿಲ್ಲ. ನನಗೆ ಇವತ್ತಿಗೂ ಗೊತ್ತಿಲ್ಲ.

ಕೆಟ್ಟ ಸುದ್ದಿಯೂ ಇತ್ತು. ಹುಡುಗಿಯರು ಭರ್ರನೆ ಬೆಳೆಯುವುದು ಸುಮಾರು 12ನೇ ವರ್ಷದಲ್ಲಿ, ಹುಡುಗರಿಗಿಂತ ಎರಡು ವರ್ಷ ಮುಂಚೆ. ದವಡೆಯನ್ನು ಮುಂದೆ ತರುವ ಹೊತ್ತು ಅದು. ಇವಳದು ಕಳೆದುಹೋಗಿತ್ತು. ಈಗ ಉಳಿದ ದಾರಿ ಮೇಲಿನ ಎರಡು ಹಲ್ಲು ಕೀಳಿಸಿ, ಆ ಜಾಗಕ್ಕೆ ಮುಂಹಲ್ಲುಗಳನ್ನು ಹಿಂದಕ್ಕೆ ಎಳೆಯುವುದು. ಎರಡು ಗಟ್ಟಿಮುಟ್ಟಾದ ಹಲ್ಲು. ನಾನು ಅವಳ ಕಡೆ ತಿರುಗಿ "ನೋಡು, ಆಗಲೇ" ಅಂತ ಶುರು ಮಾಡುವಷ್ಟರಲ್ಲಿ ಡಾಕ್ಟರ್ ಕೈ ಎತ್ತಿ ತಡೆದರು. "ಆ ಮಾತು ಈ ಕೋಣೆಯಲ್ಲಿ ಬೇಡ. ಮನೆಯಲ್ಲೂ ಬೇಡ."

ಅವರು ಮಾಡಿದ ಕೆಲಸಗಳು ಹೇಳಿಕೊಳ್ಳುವಷ್ಟು ದೊಡ್ಡವೇನಲ್ಲ. ಕ್ಲಿಪ್ ಯಾವತ್ತು ಹಾಕೋಣ ಅಂತ ಅವಳನ್ನೇ ಕೇಳಿದರು. ದೀಪಾವಳಿ ಆದ ಮೇಲೆ ಅಂದಳು, ಚಕ್ಕುಲಿ ತಿನ್ನಬೇಕಲ್ಲ. ಸರಿ ಅಂದರು. ಹಾಕುವ ದಿನ, ಹಲ್ಲಿಗೆ ಅಂಟಿಸುವ ಲೋಹದ ಪುಟ್ಟ ಬ್ರಾಕೆಟ್ ಒಂದನ್ನು ಮೊದಲು ಅವಳ ಹೆಬ್ಬೆರಳ ಉಗುರಿನ ಮೇಲಿಟ್ಟು ತೋರಿಸಿದರು. ಅಂಟು ಗಟ್ಟಿ ಮಾಡುವ ನೀಲಿ ದೀಪವನ್ನೂ ಕೈಯಲ್ಲಿ ಹಿಡಿಸಿದರು. ಮೊದಲು ಹೇಳು, ಆಮೇಲೆ ತೋರಿಸು, ಆಮೇಲೆ ಮಾಡು. ಅಮೆರಿಕದ ಆಡಲ್‌ಸ್ಟನ್ ಎಂಬ ದಂತವೈದ್ಯರು 1959ರಲ್ಲಿ ಬರೆದಿಟ್ಟ ಕ್ರಮವಂತೆ ಇದು. ಚಿಕ್ಕ ಮಕ್ಕಳಿಗೆ ಅಂತ ಮಾಡಿದ್ದು. 13ರ ಹುಡುಗಿಗೂ ನಡೆಯಿತು. 43ರ ಅಪ್ಪನಿಗೂ ನಡೆಯಿತು ಅನ್ನಿ, ನಾನೂ ಉಗುರು ಚಾಚಿದ್ದೆ.

ನೋವಿನ ವಿಷಯದಲ್ಲಿ ಸುಳ್ಳು ಹೇಳಲಿಲ್ಲ. "ಇವತ್ತು ಏನೂ ಅನ್ನಿಸಲ್ಲ. ನಾಳೆ ಇಷ್ಟೊತ್ತಿಗೆ ಜಾಸ್ತಿ ನೋಯುತ್ತೆ. ಅನ್ನ ಅಗಿಯೋದೂ ಕಷ್ಟ. ಮೂರು ನಾಲ್ಕು ದಿನಕ್ಕೆ ಇಳಿಯುತ್ತೆ." ಹಾಗೇ ಆಯಿತು. ಮರುದಿನ ಸಂಜೆ ಮೊಸರನ್ನದ ಮುಂದೆ ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿದ್ದಳು. ಆದರೂ ಗಡಿಯಾರ ನೋಡಿ, "ಡಾಕ್ಟರ್ ಹೇಳಿದ ಟೈಮಿಗೇ ಬಂತು" ಅಂದಳು. ನೋವು ಅಷ್ಟೇ ಇತ್ತು, ಹೆದರಿಕೆ ಇರಲಿಲ್ಲ.

ಪ್ರತಿ ತಿಂಗಳು ಬ್ರಾಕೆಟ್ಟಿನ ಸುತ್ತ ಹಾಕುವ ಪುಟ್ಟ ರಬ್ಬರ್ ಉಂಗುರದ ಬಣ್ಣ ಅವಳ ಇಷ್ಟ. ಅದರಿಂದ ಹಲ್ಲಿಗೆ ಏನೂ ವ್ಯತ್ಯಾಸವಿಲ್ಲ. ಅವಳು ಹಿಂದಿನ ರಾತ್ರಿಯಿಂದಲೇ ಯೋಚಿಸುತ್ತಿದ್ದಳು.

ಆಗಿನ್ನೂ ಶಾಲೆಯಲ್ಲಿ ಮಾಸ್ಕ್. ಅಕ್ಟೋಬರ್‌ನಲ್ಲಿ ಶಾಲೆ ತೆರೆದಿದ್ದವು. ಬಾಯಲ್ಲಿ ತಂತಿ ಇದೆ ಅಂತ ಅವಳ ತರಗತಿಯಲ್ಲಿ ಅರ್ಧ ಮಂದಿಗೆ ಗೊತ್ತೇ ಇರಲಿಲ್ಲ. ನನಗೂ ಅದು ಅನುಕೂಲ ಅನ್ನಿಸಿತ್ತು. 2022ರ ಏಪ್ರಿಲ್ 2, ಗುಡಿ ಪಾಡ್ವಾ, ಅಂದರೆ ನಮ್ಮ ಯುಗಾದಿಯ ದಿನ, ಮಹಾರಾಷ್ಟ್ರದಲ್ಲಿ ಮಾಸ್ಕ್ ಕಡ್ಡಾಯ ಹೋಯಿತು. ಊರೆಲ್ಲ ಹಬ್ಬ. ಇವಳು ಮಾಸ್ಕ್ ಹಾಕಿಕೊಂಡೇ ಶಾಲೆಗೆ ಹೊರಟಳು. ಒಂದು ವಾರ, ಎರಡು ವಾರ. ಕೆಮ್ಮು ಅಂತ ಟೀಚರಿಗೆ ಹೇಳಿದ್ದಳಂತೆ. ನನಗೆ ಒಳಗೇ ನಡುಕ, ಮತ್ತೆ ರಾಜ್ಯೋತ್ಸವದ ಕಥೆಯೇ ಆಗುತ್ತಾ ಅಂತ. ಮೂರನೇ ವಾರ ಮಾಸ್ಕ್ ಬ್ಯಾಗಿನಲ್ಲೇ ಇತ್ತು. ಏನಾಯ್ತು ಅಂದರೆ, "ನಮ್ಮ ಕ್ಲಾಸ್‌ನ್ಯಾಗ ಇನ್ನೂ ನಾಕ್ ಮಂದಿಗೆ ಅದಾವ. ಒಬ್ಬಾಂವ ತೋರಿಸಿದಾ, ಎಲ್ಲಾರೂ ತೋರಿಸಿದ್ವಿ." ನಾನು, ಅವಳಮ್ಮ, ಡಾಕ್ಟರ್ ಮೂವರೂ ಸೇರಿ ಮಾಡಲಾಗದ ಕೆಲಸವನ್ನು ಯಾರೋ ಒಬ್ಬ ಹುಡುಗ ಮಧ್ಯಾಹ್ನದ ಬಿಡುವಿನಲ್ಲಿ ಮಾಡಿ ಮುಗಿಸಿದ್ದ.

ಮನೆಯಲ್ಲಿ ದೊಡ್ಡ ತೊಂದರೆ ಕಡಕ್ ರೊಟ್ಟಿಯದು. ಊರಿಂದ ಬರುವ ಜೋಳದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಇಲ್ಲದೆ ಅವಳಿಗೆ ಊಟ ಸೇರಲ್ಲ. ಎರಡು ಸಲ ಬ್ರಾಕೆಟ್ ಕಿತ್ತುಬಂತು. ಅವ್ವ ರೊಟ್ಟಿ ಮುರಿದು ಬಿಸಿ ಬ್ಯಾಳಿಯಲ್ಲಿ ನೆನೆಸಿ ಇಬ್ಬರಿಗೂ ಸೇರಿಸಿ ಒಂದೇ ಬಟ್ಟಲಿಗೆ ಹಾಕುವುದು ಶುರು ಮಾಡಿದಳು. ಹಲ್ಲಿಲ್ಲದವಳಿಗೂ ಹಲ್ಲು ಬಿಗಿದವಳಿಗೂ ಒಂದೇ ಊಟ.

ಆಮೇಲೆ ರಬ್ಬರ್ ಬ್ಯಾಂಡ್ ಹಂತ. ಮೇಲಿನ ಕೊಂಡಿಯಿಂದ ಕೆಳಗಿನ ಕೊಂಡಿಗೆ ತಾನೇ ಸಿಕ್ಕಿಸಿಕೊಳ್ಳಬೇಕು, ದಿನವೂ ಬದಲಿಸಬೇಕು. ಇಲ್ಲಿ ಮತ್ತೆ ಗಂಟೆಯ ಪ್ರಶ್ನೆ. ಡಾಕ್ಟರ್ ಗಂಟೆ ಕೇಳಲಿಲ್ಲ. "ಯಾವ ಹೊತ್ತಲ್ಲಿ ನಿನಗೆ ಆಗಲ್ಲ, ಅದನ್ನ ಹೇಳು" ಅಂದರು. ಊಟದ ಹೊತ್ತು, ಮತ್ತೆ ಗಣಪತಿ ಮೆರವಣಿಗೆಯಲ್ಲಿ ಬಾರಿಸುವ ಢೋಲ್-ತಾಶಾ ಪ್ರಾಕ್ಟೀಸಿನ ಎರಡು ತಾಸು ಅಂದಳು. ಆ ವರ್ಷ ನಿರ್ಬಂಧ ಎಲ್ಲ ಹೋಗಿ ಗಣಪತಿ ಜೋರು, ಅವಳೂ ಒಂದು ಪಥಕಕ್ಕೆ, ಅಂದರೆ ಢೋಲ್ ತಂಡಕ್ಕೆ, ಸೇರಿದ್ದಳು. "ಸರಿ, ಉಳಿದದ್ದು ನನಗೆ" ಅಂತ ಡಾಕ್ಟರ್ ಕೈ ಕುಲುಕಿದರು. ತಿಂಗಳಿಗೊಮ್ಮೆ ಅಳೆಯುವ ಸ್ಕೇಲನ್ನು ಅವಳ ಕೈಗೇ ಕೊಟ್ಟು ಕನ್ನಡಿ ಹಿಡಿದರು. ಕಿತ್ತ ಹಲ್ಲಿನ ಜಾಗ ಸುಮಾರು 7 ಮಿಲಿಮೀಟರ್, ತಿಂಗಳಿಗೆ ಹೆಚ್ಚು ಕಡಿಮೆ ಒಂದು ಮಿಲಿಮೀಟರ್ ಮುಚ್ಚುತ್ತದೆ. ಆ ಅಂಕಿ ಅವಳ ಡೈರಿಯಲ್ಲಿ. ನನಗೆ ತೋರಿಸಬೇಕು ಅಂತಿಲ್ಲ. ನನಗೆ ಸಿಕ್ಕ ಆದೇಶ ಬೇರೆ: "ಹಾಕ್ಕೊಂಡ್ಯಾ?" ಅನ್ನುವ ಪದ ಎರಡು ತಿಂಗಳು ಬಾಯಿಗೆ ಬರಬಾರದು.

ಬಾಯಿಗೆ ಬರಲಿಲ್ಲ. ಆದರೆ ಅಕೌಂಟ್ಸ್ ಬುದ್ಧಿ ಎಲ್ಲಿಗೆ ಹೋಗುತ್ತದೆ? ಬಚ್ಚಲಮನೆಯ ಕಸದ ಡಬ್ಬಿಯಲ್ಲಿ ಹಳೆಯ ರಬ್ಬರ್ ಎಣಿಸತೊಡಗಿದೆ. ದಿನಕ್ಕೆ ಎರಡು ಇರಬೇಕು. ಹದಿನೈದು ದಿನ ಎಣಿಸಿರಬೇಕು. ಒಂದು ಬೆಳಗ್ಗೆ ನೋಡಿದರೆ ಡಬ್ಬಿಯಲ್ಲಿ ಒಂದು ಇಡೀ ಪೊಟ್ಟಣದ ಹೊಸ ರಬ್ಬರ್ ಸುರಿದಿದೆ, ಮೇಲೊಂದು ಚೀಟಿ: "ಎಣಿಸ್ರಿ." ನಾನು ಚೀಟಿ ಜೇಬಿಗೆ ಹಾಕಿಕೊಂಡು ಆಫೀಸಿಗೆ ಹೋದೆ. ಅವತ್ತಿನಿಂದ ಕಸದ ಡಬ್ಬಿ ಮುಟ್ಟಿಲ್ಲ.

ಎಲ್ಲವೂ ಸಲೀಸಾಗಿ ನಡೆಯಿತು ಅಂತ ತಿಳಿಯಬೇಡಿ. 2023ರ ಶುರುವಿನಲ್ಲಿ ಮೂರು ತಿಂಗಳು ಪೂರಾ ಬೇಸರ. ಬ್ರಶ್ ಮಾಡಲು ಸೋಮಾರಿತನ, ಬ್ರಾಕೆಟ್ ಸುತ್ತ ಬಿಳಿ ಕಲೆ ಕಾಣತೊಡಗಿತು. ರಬ್ಬರೂ ಆಗೊಮ್ಮೆ ಈಗೊಮ್ಮೆ. ಡಾಕ್ಟರಿಗೆ ಅಚ್ಚರಿಯೇ ಆಗಲಿಲ್ಲ. ಶುರುವಿನ ಹುರುಪು ಇಳಿದಿರುತ್ತೆ, ಮುಗಿಯುವುದು ಇನ್ನೂ ದೂರ ಇರುತ್ತೆ, ಎಲ್ಲ ಮಕ್ಕಳೂ ಇಲ್ಲಿ ಜಾರುತ್ತಾರೆ ಅಂದರು. ಮೊದಲ ದಿನ ತೆಗೆದಿದ್ದ ಫೋಟೋ ತೆಗೆದು ಅವತ್ತಿನ ಫೋಟೋ ಪಕ್ಕ ಇಟ್ಟರು. ಮಗಳು ಎರಡನ್ನೂ ನೋಡಿ, "ನಾ ಹಿಂಗಿದ್ನಾ?" ಅಂದಳು. ಐದರ ಮೇಲೆ ಬೆರಳಿಟ್ಟವಳು ಅವಳೇ. ಬಿಳಿ ಕಲೆಯಲ್ಲಿ ಎರಡು ಇನ್ನೂ ಉಳಿದಿವೆ.

ಹತ್ತನೇ ಕ್ಲಾಸಿನ ದೀಪಾವಳಿ ಮುಗಿದ ಮೇಲೆ, 2023ರ ಡಿಸೆಂಬರ್‌ನಲ್ಲಿ ಕ್ಲಿಪ್ ತೆಗೆದರು. 25 ತಿಂಗಳು. ನಾಲಿಗೆಯಿಂದ ಹಲ್ಲು ಸವರಿಕೊಂಡು "ಜಾರತಾವ" ಅಂದಳು. ಮನೆಗೆ ಬಂದು ಮೊದಲು ತಿಂದದ್ದು ಕಡಕ್ ರೊಟ್ಟಿ. ಅವ್ವನಿಗೆ ಸ್ವಲ್ಪ ಬೇಜಾರಾಯಿತು, ಬಟ್ಟಲಿನಲ್ಲಿ ಪಾಲುದಾರಳು ಹೋದಳಲ್ಲ.

ಈಗ ರಾತ್ರಿ ಮಾತ್ರ ರಿಟೇನರ್, ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ ಸಾಧನ. ಹಾಕದಿದ್ದರೆ ಹಲ್ಲು ಮೆಲ್ಲಗೆ ಹಳೆಯ ಜಾಗದ ಕಡೆ ಹೊರಡುತ್ತದೆ. ಎಷ್ಟು ವರ್ಷ ಅಂತ ಕೇಳಿದ್ದಕ್ಕೆ ಡಾಕ್ಟರ್, "ಹಲ್ಲು ನೇರ ಇರಬೇಕು ಅಂತ ನಿನಗೆ ಎಷ್ಟು ವರ್ಷ ಅನ್ನಿಸುತ್ತೋ ಅಷ್ಟು" ಅಂದರು. ವಾಶ್‌ಬೇಸಿನ್ ಮೇಲಿನ ಹಲಗೆಯಲ್ಲಿ ಎರಡು ಡಬ್ಬಿ. ಅವ್ವನದು ಬಿಳಿ, ಮಗಳದು ನೇರಳೆ. ರಾತ್ರಿ ಹತ್ತೂವರೆಗೆ ನಾನು ಹಾಸಿಗೆಯಲ್ಲಿ ಮೊಬೈಲ್ ನೋಡುತ್ತಾ ಇರುತ್ತೇನೆ, ಕಿವಿ ಅಲ್ಲೇ ಇರುತ್ತದೆ. ಟಕ್ ಅಂತ ಒಂದು ಡಬ್ಬಿಯ ಸದ್ದು, ಒಬ್ಬಳು ಹಲ್ಲು ತೆಗೆದಿಡುವುದು. ಸ್ವಲ್ಪ ಹೊತ್ತಿಗೆ ಇನ್ನೊಂದು ಟಕ್, ಇನ್ನೊಬ್ಬಳು ಹಾಕಿಕೊಳ್ಳುವುದು. ಕೆಲವು ರಾತ್ರಿ ಒಂದೇ ಕೇಳಿಸುತ್ತದೆ. ಮೊಬೈಲ್ ಪಕ್ಕಕ್ಕಿಟ್ಟು ದೀಪ ಆರಿಸುತ್ತೇನೆ.